ಎಂಟು ನಿಮಿಷ ಮಾತಾಡೋಕೆ ಕರೆದಿದ್ದಾರೆ. ಹೋಗಲಾ, ಬೇಡವಾ?

ಕಾಫಿಹೂವು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾನು ಹಳೇ ಮೈಸೂರು ಕಡೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಆಪ್ತಸಮಾಲೋಚಕಿ. ಓದಿದ್ದು ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ. ಗುತ್ತಿಗೆ ಕೆಲಸ, ಏಳು ವರ್ಷ ಆಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಶುರುವಾಯಿತಲ್ಲ, 10ರಿಂದ 19 ವರ್ಷದ ಮಕ್ಕಳಿಗೆ, ನಮ್ಮದು ಅದರ ಕೆಳಗೆ ಬರುತ್ತದೆ. ವಾರದಲ್ಲಿ ಕೆಲವು ದಿನ ಆಸ್ಪತ್ರೆ, ಉಳಿದ ದಿನ ಶಾಲೆ, ಹಾಸ್ಟೆಲ್ ಸುತ್ತಾಟ. ಆಸ್ಪತ್ರೆಯಲ್ಲಿ ನನ್ನ ರೂಮು ಇಂಜೆಕ್ಷನ್ ರೂಮಿನ ಪಕ್ಕ. ಇಲ್ಲಿ ಒಬ್ಬಳು ಮೆಲ್ಲಗೆ ಬಾಯಿ ಬಿಡುವಾಗ ಅಲ್ಲಿ ಒಂದು ಮಗು ಕಿರುಚಿಕೊಳ್ಳುತ್ತದೆ. ಇಬ್ಬರೂ ಬೆಚ್ಚಿ ನಗುತ್ತೇವೆ. ಎಷ್ಟೋ ಸಲ ಆ ನಗುವಿಂದಲೇ ಮಾತು ಶುರುವಾಗಿದೆ.

ಕೆಲಸಕ್ಕೆ ಸೇರಿದ ವರ್ಷದಿಂದ ನನಗೊಂದು ಅಭ್ಯಾಸ. ಮಗು ಬಂದು ಕೂತು ಮೊದಲು ಏನು ಹೇಳುತ್ತದೋ ಆ ಒಂದು ವಾಕ್ಯವನ್ನು ಹಾಗೇ ಬರೆದಿಡುತ್ತೇನೆ. ಹೆಸರಿಲ್ಲ, ಊರಿಲ್ಲ, ತಿಂಗಳು ಮಾತ್ರ. "ಎದೆ ಹಾರುತ್ತೆ ಮಿಸ್." "ಕೈಕಾಲು ಜುಮ್ ಅನ್ನುತ್ತೆ." "ಊಟ ಗಂಟಲಲ್ಲೇ ನಿಂತುಬಿಡುತ್ತೆ." "ಹೊಟ್ಟೇಲಿ ಸಂಕಟ." "ಏನಿಲ್ಲ ಮಿಸ್, ಸುಮ್ನೆ ಬಂದೆ." ಹೀಗೆ ಎರಡು ಉದ್ದ ನೋಟ್‌ಬುಕ್ ತುಂಬಿವೆ. ನನ್ನ ರೂಮಿನ ಗೋಡೆ ಮೇಲೆ "ಖಿನ್ನತೆಯೇ? ಆತಂಕವೇ?" ಅಂತ ದೊಡ್ಡ ಪೋಸ್ಟರ್ ಇದೆ. ಎರಡು ನೋಟ್‌ಬುಕ್ಕಲ್ಲಿ ಖಿನ್ನತೆ ಅನ್ನೋ ಪದ ಒಂದು ಸಲವೂ ಬಂದಿಲ್ಲ. ಆತಂಕ ಒಂದೇ ಸಲ. ಆ ಹುಡುಗ ಕನ್ನಡ ಮೇಷ್ಟ್ರ ಮಗ.

ಒಂದು ಟ್ರೈನಿಂಗಲ್ಲಿ ಇದನ್ನು ಹೇಳಿದಾಗ ಅಲ್ಲಿದ್ದ ಹಿರಿಯರೊಬ್ಬರು "ಇದನ್ನ ಕಾನ್ಫರೆನ್ಸಿಗೆ ಕಳಿಸು" ಅಂತ ಹಿಂದೆ ಬಿದ್ದರು. 250 ಪದದ ಅಬ್‌ಸ್ಟ್ರ್ಯಾಕ್ಟ್ (ಸಾರಾಂಶ) ಬರೆದು ಕಳಿಸಿ ಮರೆತೇಬಿಟ್ಟಿದ್ದೆ. ಹೋದ ವಾರ ಮೇಲ್ ಬಂತು. ಓರಲ್ ಪೇಪರ್ ಅಂತೆ. ಎಂಟು ನಿಮಿಷ ಮಾತು, ಎರಡು ನಿಮಿಷ ಪ್ರಶ್ನೆ. ಅವತ್ತಿಂದ ನನಗೇ ಎದೆ ಹಾರುತ್ತಿದೆ.

ಈಗ ಪ್ರಶ್ನೆ. ರಿಜಿಸ್ಟ್ರೇಷನ್ ಫೀಸು, ಬಸ್ಸು, ಎರಡು ರಾತ್ರಿ ರೂಮು ಎಲ್ಲ ಸೇರಿದರೆ ನನ್ನ ಸಂಬಳದ ಅರ್ಧ ಹೋಗುತ್ತದೆ. ಸಂಘದ ಮೆಂಬರ್ ಆದರೆ ಫೀಸು ಕಡಿಮೆ ಅಂತಾರೆ, ಆದರೆ ಮೆಂಬರ್‌ಶಿಪ್ಪಿಗೂ ದುಡ್ಡು ಕಟ್ಟಬೇಕಲ್ಲ. ನಮ್ಮಂಥವರಿಗೆ ಯಾವ ಸಂಘ? ಎಂಫಿಲ್ (ಸ್ನಾತಕೋತ್ತರ ಆದಮೇಲಿನ ಡಿಗ್ರಿ) ಇಲ್ಲದ ಕೌನ್ಸೆಲರನ್ನ ಅಲ್ಲಿ ಯಾರಾದರೂ ಲೆಕ್ಕಕ್ಕೆ ಇಡುತ್ತಾರಾ? ಇನ್ನು ಇಂಗ್ಲಿಷು. ಓದಿದರೆ ಅರ್ಥ ಆಗುತ್ತದೆ, ಎದ್ದು ನಿಂತು ಮಾತಾಡು ಅಂದರೆ ನಾಲಿಗೆ ಒಣಗುತ್ತದೆ.

ಕೊನೆಯದು. ಮಾತನ್ನು ಒಬ್ಬ ಹುಡುಗಿಯ ಕಥೆಯಿಂದ ಶುರು ಮಾಡಬೇಕು ಅಂದುಕೊಂಡಿದ್ದೇನೆ. (ಇಲ್ಲಿ ಆರು ಸಾಲು ಇತ್ತು. ಕೆಳಗಿನ ಮೊದಲ ಉತ್ತರ ಓದಿದ ಮೇಲೆ ತೆಗೆದಿದ್ದೇನೆ.) ಹೆಸರು ಬದಲಾಯಿಸಿದರೆ ಸಾಕಲ್ವಾ?

ರಿಟೈರ್ಡ್ ರಾಯರು ಬರೆದದ್ದು:

ಕಾಫಿಹೂವು ಅವರೇ, ಉಳಿದದ್ದೆಲ್ಲ ಆಮೇಲೆ. ಮೊದಲು ನಿಮ್ಮ ಪೋಸ್ಟಿನ ಆ ಆರು ಸಾಲು ತೆಗೆಯಿರಿ. ಈಗಲೇ. ಹೆಸರು ಬರೆದಿಲ್ಲ, ಸರಿ. ಆದರೆ ಯಾವ ಹಾಸ್ಟೆಲ್, ಯಾವ ಕ್ಲಾಸು, ಅಪ್ಪ ಏನು ಕೆಲಸ, ಯಾವ ಹಬ್ಬದ ಮಾರನೇ ದಿನ ಅಂತ ಎಲ್ಲ ಇದೆ. ನಿಮ್ಮ ಊರಿನ ಯಾರಾದರೂ ಓದಿದರೆ ಒಂದೇ ನಿಮಿಷದಲ್ಲಿ ಗೊತ್ತುಮಾಡಿಕೊಳ್ಳುತ್ತಾರೆ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಇದೇ ತಪ್ಪು ನಾನೂ ಮಾಡಿದ್ದೇನೆ. ಮನೋವೈದ್ಯಕೀಯ ಸಮಾಜಕಾರ್ಯಕರ್ತನಾಗಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು ನಾನು. ಕೆಲಸಕ್ಕೆ ಸೇರಿ ಆರೇಳು ವರ್ಷ ಆಗಿದ್ದಾಗ, ಅಂದರೆ ನಿಮ್ಮಷ್ಟೇ ಅನುಭವ, ಒಂದು ಕಾನ್ಫರೆನ್ಸಲ್ಲಿ ಕೇಸ್ ಹೇಳಿದೆ. ಹೆಸರು ಬದಲಾಯಿಸಿದ್ದೆ. ಊರು ಹೇಳಿರಲಿಲ್ಲ. ಬಾವಿ, ಹಲಸಿನ ಮರ, ಇಬ್ಬರು ಅಣ್ಣಂದಿರು, ಅಂಚೆ ಕಚೇರಿ ಕೆಲಸ, ಇಷ್ಟು ಹೇಳಿದ್ದೆ. ಕಥೆಗೆ ಜೀವ ಬರಲಿ ಅಂತ. ಚಪ್ಪಾಳೆ ಬಿತ್ತು. ಟೀಗೆ ಸಾಲಲ್ಲಿ ನಿಂತಿದ್ದೆ. ಹಿಂದಿನಿಂದ ಒಬ್ಬರು ಭುಜ ಮುಟ್ಟಿ, ಬಹಳ ಪ್ರೀತಿಯಿಂದಲೇ ಕೇಳಿದರು, "ಸರ್, ಅದು ನಮ್ಮ ಅತ್ತೆ ಮನೆ ಹತ್ತಿರದ ಹುಡುಗಿ ಅಲ್ವಾ? ಈಗ ಹೇಗಿದ್ದಾಳೆ?" ಕೈಯಲ್ಲಿದ್ದ ಲೋಟ ಅಲುಗಾಡಿ ಅಂಗಿ ಮೇಲೆ ಟೀ ಚೆಲ್ಲಿತು. "ಅಲ್ಲ" ಅಂತ ಸುಳ್ಳು ಹೇಳಿದೆ. ಅವರು ನಂಬಲಿಲ್ಲ. ಮಧ್ಯಾಹ್ನದ ಸೆಷನ್ನಿಗೆ ನಾನು ಕೂರಲೇ ಇಲ್ಲ.

ಗುರುತು ಹಿಡಿಸೋದು ಹೆಸರಲ್ಲ, ಈ ಹಲಸಿನ ಮರ, ಅಂಚೆ ಕಚೇರಿ. ಬೆಂಗಳೂರಲ್ಲಿ "ಒಬ್ಬ ಐಟಿ ಉದ್ಯೋಗಿ" ಅಂದರೆ ಲಕ್ಷ ಜನ ಆದಾರು. ನಿಮ್ಮ ತಾಲೂಕಲ್ಲಿ "ಹಾಸ್ಟೆಲಿನ ಪಿಯು ಹುಡುಗಿ, ಅಪ್ಪ ಲೈನ್‌ಮನ್" ಅಂದರೆ ಎಷ್ಟು ಜನ ಇದ್ದಾರು? ಒಬ್ಬಳೇ ಇರಬಹುದು.

ಕಾನೂನಿನ ಮಾತೂ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಮಾನಸಿಕ ಕಾಯಿಲೆ ಇರುವವರ ಆರೋಗ್ಯ, ಚಿಕಿತ್ಸೆಯ ವಿಷಯ ಗುಟ್ಟಾಗಿರುವುದು ಅವರ ಹಕ್ಕು. ಚಿಕಿತ್ಸೆ ಕೊಡುವವರು ಅದನ್ನು ಕಾಯಬೇಕು. ನಿಮ್ಮಲ್ಲಿಗೆ ಬರುವ ಮಕ್ಕಳಿಗೆಲ್ಲ ಕಾಯಿಲೆ ಇರುತ್ತದೆ ಅಂತಲ್ಲ, ಆದರೂ ಅದೇ ಎಚ್ಚರ ಇರಲಿ.

ಹಾಗಾದರೆ ಕಥೆ ಬೇಡವೇ ಬೇಡವಾ? ಎರಡು ದಾರಿ ಇವೆ. ಒಂದು, ಆ ಹುಡುಗಿಯನ್ನೇ ಕೇಳುವುದು. ಈಗಲೂ ಹದಿನೆಂಟು ತುಂಬಿಲ್ಲದಿದ್ದರೆ ಮನೆಯವರೂ ಒಪ್ಪಬೇಕು, ಅವಳೂ ಒಪ್ಪಬೇಕು. ಬರಹದಲ್ಲಿ ಇರಲಿ. ಏನು ಹೇಳುತ್ತೀರಿ ಅಂತ ಅವಳಿಗೆ ಓದಿ ತೋರಿಸಿ. ಆದರೆ ನೆನಪಿಡಿ, ನಿಮಗೆ ಇಲ್ಲ ಅನ್ನುವುದು ಅವಳಿಗೆ ಕಷ್ಟ. ನೀವು ಅವಳ ಮಿಸ್ಸು. "ಬೇಡ ಅಂದರೂ ನನಗೇನೂ ಬೇಜಾರಿಲ್ಲ" ಅಂತ ಹೇಳಿ, ಒಂದು ವಾರ ಬಿಟ್ಟು ಉತ್ತರ ಕೇಳಿ. ಎರಡು, ಏಳೆಂಟು ಮಕ್ಕಳಿಂದ ಒಂದೊಂದು ಎಳೆ ತೆಗೆದು ಹೊಸ ಮಗುವೊಂದನ್ನು ಕಟ್ಟಿ, "ಇದು ಒಬ್ಬರ ಕಥೆಯಲ್ಲ, ಹಲವರದ್ದು ಸೇರಿಸಿದ್ದು" ಅಂತ ಮೊದಲೇ ಹೇಳಿಬಿಡುವುದು. ನನಗೆ ಎರಡನೆಯದೇ ಮೇಲು.

ಇನ್ನೊಂದು ವಿಷಯ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ನೋಟ್‌ಬುಕ್ ನಿಮ್ಮದಾದರೂ ಕೆಲಸ ಇಲಾಖೆಯದ್ದು. ನಿಮ್ಮದು ಗುತ್ತಿಗೆ ಬೇರೆ. ತಾಲೂಕು ಆರೋಗ್ಯಾಧಿಕಾರಿಗಳ ಮೂಲಕ ಜಿಲ್ಲೆಗೆ ಒಂದು ಪತ್ರ ಬರೆದು, ಏನು ಮಾತಾಡುತ್ತೇನೆ ಅಂತ ತಿಳಿಸಿ ಅನುಮತಿ ತಗೊಳ್ಳಿ. ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕಾ ಅಂತ ಕಾನ್ಫರೆನ್ಸಿನವರನ್ನೂ ಕೇಳಿ. ಇದನ್ನು ಈಗ ಮಾಡಿ, ಹೋಗೋ ಹಿಂದಿನ ದಿನ ಅಲ್ಲ.

ಹೋಗಲಾ ಅಂದಿರಲ್ಲ, ಹೋಗಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸಲು, ಔಷಧ ಕೊಡಲು ಕಲಿಸಿದರು. ಅದೇ ಬಳ್ಳಾರಿ ಮಾದರಿ ಅಂತ ಹೆಸರಾಗಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮಾಡಿದ್ದನ್ನು ಹೊರಗೆ ಹೇಳದೆ ಹೋಗಿದ್ದರೆ ಅದು ಬಳ್ಳಾರಿಯಲ್ಲೇ ಉಳಿಯುತ್ತಿತ್ತು.

ಫೋರ್ತ್ ಬ್ಲಾಕ್ ಬರೆದದ್ದು:

ರಾಯರು ಹೇಳಿದ್ದಕ್ಕೆ ನನ್ನದೂ ಒಂದು ಹೌದು. ಸಂಘದ ವಿಷಯ ಮಾತ್ರ ನಾನು ಬರೆಯುತ್ತೇನೆ. ನಾನು ಬೆಂಗಳೂರಲ್ಲಿ ಸ್ವಂತ ಪ್ರಾಕ್ಟೀಸ್, ಹನ್ನೆರಡು ವರ್ಷ. ಮೂರು ಸಂಘಕ್ಕೆ ದುಡ್ಡು ಕಟ್ಟಿದ್ದೇನೆ. ಒಂದು ಉಪಯೋಗಕ್ಕೆ ಬಂತು, ಒಂದು ಪರವಾಗಿಲ್ಲ, ಇನ್ನೊಂದರದ್ದು ಕೇಳಬೇಡಿ.

ಮೇಡಂ, ನಮ್ಮ ದೇಶದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮನೆ ಇದೆ. ಮನೋವೈದ್ಯರಿಗೆ 1947ರಿಂದ ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ. ಕ್ಲಿನಿಕಲ್ ಸೈಕಾಲಜಿಸ್ಟರಿಗೆ 1968ರಿಂದ ಅವರದೇ ಅಸೋಸಿಯೇಷನ್. ಎಂಎಸ್‌ಡಬ್ಲ್ಯು ಮಾಡಿ ಈ ಕ್ಷೇತ್ರಕ್ಕೆ ಬಂದವರಿಗೆ ಇಂಡಿಯನ್ ಸೊಸೈಟಿ ಆಫ್ ಪ್ರೊಫೆಷನಲ್ ಸೋಶಿಯಲ್ ವರ್ಕ್. ಅದು 1970ರಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದವರ ಸಂಘ ಅಂತಲೇ ಹುಟ್ಟಿದ್ದು, ಆಮೇಲೆ ಹೆಸರು ಬದಲಾಯಿತು. ನಿಮ್ಮ ಡಿಗ್ರಿಗೆ ಇದು ಹತ್ತಿರದ ಬಾಗಿಲು, ಮೊದಲು ಇಲ್ಲಿ ವಿಚಾರಿಸಿ. ಬರೀ "ಕೌನ್ಸೆಲರ್" ಅಂತ ಇರುವ ನಮ್ಮಂಥವರು ಮಾತ್ರ ಎಲ್ಲರ ಮನೆ ಜಗುಲಿಯಲ್ಲೂ ಕೂರುತ್ತೇವೆ, ಯಾರ ಮನೆ ಒಳಗೂ ಅಲ್ಲ.

ಮೆಂಬರ್‌ಶಿಪ್ ಅಂದರೆ ಲೈಸೆನ್ಸ್ ಅಲ್ಲ. ಇದನ್ನು ಎಷ್ಟು ಜನ ಗೊಂದಲ ಮಾಡಿಕೊಳ್ಳುತ್ತಾರೆ ಗೊತ್ತಾ? ಕ್ಲಿನಿಕಲ್ ಸೈಕಾಲಜಿಸ್ಟರಿಗೆ ನೋಂದಣಿ ಕೊಡುವುದು 1992ರ ಕಾಯ್ದೆಯಡಿ ಬಂದ ಸರ್ಕಾರದ ರೀಹ್ಯಾಬಿಲಿಟೇಷನ್ ಕೌನ್ಸಿಲ್, ಸಂಘ ಅಲ್ಲ. ಇನ್ನು 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ಬಂತು. ಅದರ ಪಟ್ಟಿಯಲ್ಲಿ ಆರೋಗ್ಯ ಆಪ್ತಸಮಾಲೋಚಕರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಎಲ್ಲ ಇದ್ದಾರೆ. ಹಾಗಾಗಿ ಯಾರಾದರೂ ಸಂಘದವರು "ನಮ್ಮ ಸರ್ಟಿಫಿಕೇಟ್ ಇದ್ದರೆ ನೀವು ಸರ್ಕಾರಿ ಮಾನ್ಯತೆ ಪಡೆದ ಕೌನ್ಸೆಲರ್" ಅಂದರೆ ಚೀಲ ಎತ್ತಿಕೊಂಡು ಎದ್ದುಬಿಡಿ.

ನಾನು ಕೆಟ್ಟಿದ್ದು ಹೀಗೆಯೇ. ಬೋರ್ಡಲ್ಲಿ "ಇಂಟರ್‌ನ್ಯಾಷನಲ್" ಅಂತ ಇತ್ತು. ಅಬ್‌ಸ್ಟ್ರ್ಯಾಕ್ಟ್ ಕಳಿಸಿದ ಇಪ್ಪತ್ತು ನಿಮಿಷಕ್ಕೆ "ಕಂಗ್ರಾಜುಲೇಷನ್ಸ್" ಬಂತು. ಯಾರು ಓದಿದರು, ಯಾವಾಗ ಓದಿದರು? ಆಗಲೇ ಗೊತ್ತಾಗಬೇಕಿತ್ತು. ಹೋಗಿ ನೋಡಿದರೆ ಹೋಟೆಲಿನ ಬೇಸ್‌ಮೆಂಟ್ ಹಾಲು, ನಾವು ಹನ್ನೊಂದು ಜನ. ಹನ್ನೊಂದು ಜನವೂ ಸ್ಪೀಕರುಗಳೇ. ಒಬ್ಬರ ಪೇಪರನ್ನು ಇನ್ನೊಬ್ಬರು ಕೇಳಿ ಚಪ್ಪಾಳೆ ತಟ್ಟಿ, "ಬೆಸ್ಟ್ ಪೇಪರ್" ಶೀಲ್ಡ್ ನಾಲ್ಕು ಜನಕ್ಕೆ ಕೊಟ್ಟು, ಗ್ರೂಪ್ ಫೋಟೋ ತೆಗೆದು ಕಳಿಸಿದರು. ಆ ಶೀಲ್ಡ್ ಈಗ ನಮ್ಮ ಅಡುಗೆಮನೆ ಬಾಗಿಲು ಹೊಡೆದುಕೊಳ್ಳದ ಹಾಗೆ ಹಿಡಿದಿದೆ.

ಅದಕ್ಕೇ ದುಡ್ಡು ಕಟ್ಟುವ ಮೊದಲು ನಾಲ್ಕು ಮಾತು ಕೇಳಿ. ಸಂಘ ರಿಜಿಸ್ಟರ್ ಆಗಿದೆಯಾ, ಬೈಲಾ ತೋರಿಸುತ್ತಾರಾ, ಕೊನೆಯ ಚುನಾವಣೆ ಯಾವಾಗ ಆಯಿತು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ಲೆಕ್ಕ ಓದುತ್ತಾರಾ. ಒಬ್ಬರೇ ಅಧ್ಯಕ್ಷರು ಹತ್ತು ವರ್ಷದಿಂದ ಇದ್ದು, ಅವರದೇ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ ಕೂಡ ಇದ್ದರೆ ಯೋಚನೆ ಮಾಡಿ.

ಉಪಯೋಗಕ್ಕೆ ಬಂತು ಅಂದೆನಲ್ಲ, ಅದು ಏನು ಗೊತ್ತಾ? ಸರ್ಟಿಫಿಕೇಟ್ ಅಲ್ಲ. ಅಲ್ಲಿ ಸಿಕ್ಕ ಐದು ಜನ. ತಿಂಗಳಿಗೊಂದು ಶನಿವಾರ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಕೇಸು ತಲೆಗೆ ಹತ್ತಿ ಕೂತಿದ್ದರೆ, ಗುರುತು ಬಿಟ್ಟು ಮಾತಾಡಿಕೊಳ್ಳುತ್ತೇವೆ. ಹೋದ ವರ್ಷ ಒಂದು ಕೇಸಲ್ಲಿ ನಾನು ಪೂರ್ತಿ ತಪ್ಪು ದಾರಿ ಹಿಡಿದಿದ್ದೆ. ಹೇಳಿದವಳು ನನಗಿಂತ ಎಂಟು ವರ್ಷ ಚಿಕ್ಕವಳು, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು. ನೀವು ತಾಲೂಕಲ್ಲಿ ಒಬ್ಬರೇ ಇದ್ದೀರಿ. ಫೀಸಿನ ದುಡ್ಡು ಹುಟ್ಟಬೇಕಾದರೆ ಇಂಥ ಇಬ್ಬರನ್ನಾದರೂ ಸಂಪಾದಿಸಿಕೊಂಡು ಬನ್ನಿ. ಮತ್ತೆ ಆಯೋಜಕರಿಗೆ ಮೇಲ್ ಹಾಕಿ, ಗುತ್ತಿಗೆ ನೌಕರಳು, ಫೀಸು ಕಡಿಮೆ ಮಾಡುತ್ತೀರಾ ಅಂತ ಕೇಳಿ. ನಾಚಿಕೆ ಬೇಡ. ವಿದ್ಯಾರ್ಥಿಗಳ ರೇಟಿಗೆ ಕೊಟ್ಟಿದ್ದನ್ನು ನಾನು ನೋಡಿದ್ದೇನೆ.

ಪಿಪಿಟಿ ಪುಟ್ಟಸ್ವಾಮಿ ಬರೆದದ್ದು:

ನಾನು ಕೌನ್ಸೆಲರ್ ಅಲ್ಲ, ಕಾಲೇಜಲ್ಲಿ ಸೈಕಾಲಜಿ ಮೇಷ್ಟ್ರು. ಕಾನ್ಫರೆನ್ಸ್ ಹಾಲಲ್ಲಿ ಲ್ಯಾಪ್‌ಟಾಪ್ ಪಕ್ಕ ನಿಂತು ಎಲ್ಲರ ಸ್ಲೈಡ್ ಹಾಕುವ ಕೆಲಸ ಎಷ್ಟೋ ಸಲ ಮಾಡಿದ್ದೇನೆ. ಆ ಅನುಭವದಲ್ಲಿ ಹೇಳುತ್ತೇನೆ.

ನುಡಿ, ಬರಹದ ಹಳೇ ಫಾಂಟಲ್ಲಿ ಕನ್ನಡ ಟೈಪ್ ಮಾಡಬೇಡಿ. ಅಲ್ಲಿನ ಲ್ಯಾಪ್‌ಟಾಪಲ್ಲಿ ಆ ಫಾಂಟ್ ಇರುವುದಿಲ್ಲ. "ಎದೆ ಹಾರುತ್ತೆ" ಅನ್ನೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿಯಾಗಿ ಪರದೆ ಮೇಲೆ ಬರುತ್ತದೆ. ನಿಮ್ಮ ಪೇಪರಿನ ಜೀವವೇ ಆ ಪದಗಳು. ಯೂನಿಕೋಡಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿ, ಪೆನ್‌ಡ್ರೈವಲ್ಲಿ ಒಂದು, ನಿಮ್ಮ ಮೇಲಲ್ಲಿ ಒಂದು ಇಟ್ಟುಕೊಳ್ಳಿ. ಬೆಳಿಗ್ಗೆ ಟೀಗೆ ಮುಂಚೆ ಹೋಗಿ ಅಲ್ಲಿನ ಲ್ಯಾಪ್‌ಟಾಪಲ್ಲೇ ತೆರೆದು ನೋಡಿ.

ಎಂಟು ನಿಮಿಷ ಅಂದರೆ ಎಂಟು ನಿಮಿಷ. ಆರು, ಏಳು ಸ್ಲೈಡ್ ಸಾಕು. ಜಾಸ್ತಿ ಜನ ಮಾಡುವ ತಪ್ಪು ಒಂದೇ: ಮಾನಸಿಕ ಆರೋಗ್ಯ ಎಷ್ಟು ಮುಖ್ಯ ಅಂತ ನಾಲ್ಕು ನಿಮಿಷ ಹೇಳುತ್ತಾರೆ, ಅಷ್ಟರಲ್ಲಿ ಬೆಲ್ಲು. ಅಲ್ಲಿ ಕೂತವರಿಗೆಲ್ಲ ಅದು ಗೊತ್ತು. ನೀವು ಪೋಸ್ಟರಿಂದ ಶುರು ಮಾಡಿ. ನಿಮ್ಮ ಗೋಡೆಯ ಪೋಸ್ಟರಿನ ಫೋಟೋ ಮೊದಲ ಸ್ಲೈಡು, ನೋಟ್‌ಬುಕ್ಕಿನ ವಾಕ್ಯಗಳು ಎರಡನೆಯದು. ಹುಡುಗಿ ಕಥೆಯೇ ಬೇಕಾಗಿಲ್ಲ ನೋಡಿ.

ಇಂಗ್ಲಿಷ್ ಬಗ್ಗೆ. ಬರೆದಿಟ್ಟುಕೊಂಡು ಓದಬೇಡಿ, ಮಧ್ಯೆ ಸಾಲು ತಪ್ಪಿದರೆ ಮತ್ತೆ ಸಿಗುವುದಿಲ್ಲ. ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಬಾಯಿಪಾಠ ಮಾಡಿ. ಮಧ್ಯದಲ್ಲಿ ಕನ್ನಡ ಪದ ಹೇಳಿ ಇಂಗ್ಲಿಷಲ್ಲಿ ಬಿಡಿಸಿ. "ಸಂಕಟ"ಕ್ಕೆ ಇಂಗ್ಲಿಷ್ ಸಿಗದೆ ನೀವು ತಡವರಿಸಿದರೆ, ಆ ತಡವರಿಕೆಯೇ ನಿಮ್ಮ ವಿಷಯ ಅಲ್ವಾ?

ಎಡಿಸನ್ ಕನ್ನಡಿಗಿತ್ತಿ ಬರೆದದ್ದು:

ನಾನು ನ್ಯೂಜೆರ್ಸಿಯಲ್ಲಿ ಲೈಸೆನ್ಸ್ ಇರುವ ಕೌನ್ಸೆಲರ್. ರಾಯರ ಮಾತಿಗೆ ಒಂದು ಸಣ್ಣ ಸೇರಿಕೆ. ಇಲ್ಲಿನ ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್ನಿನ 2014ರ ನೀತಿಸಂಹಿತೆಯಲ್ಲೂ ಇದೇ ಎರಡು ದಾರಿ: ಕ್ಲೈಂಟ್ ತಾವೇ ಓದಿ ಒಪ್ಪಿರಬೇಕು, ಇಲ್ಲ ಗುರುತು ಸಿಗದಷ್ಟು ಬದಲಾಯಿಸಿರಬೇಕು. "ಬದಲಾಯಿಸಿದ್ದೇನೆ" ಅಂತ ನಮಗೆ ಅನಿಸಿದರೆ ಸಾಲದು. ನಾನು ಮಾಡುವುದು ಇಷ್ಟು: ಆ ಕ್ಲೈಂಟಿನ ತಂಗಿ ಕೊನೆಯ ಸಾಲಲ್ಲಿ ಕೂತಿದ್ದಾಳೆ ಅಂದುಕೊಂಡು ಒಂದು ಸಲ ಓದಿ ನೋಡುತ್ತೇನೆ.

ಇಲ್ಲಿ ಕಾನ್ಫರೆನ್ಸಿಗೆ ಜನ ಬರುವುದಕ್ಕೆ ದೊಡ್ಡ ಕಾರಣ ಲೈಸೆನ್ಸ್ ರಿನ್ಯೂ ಮಾಡಲು ಬೇಕಾದ ಕಲಿಕೆಯ ಗಂಟೆಗಳು. ಅರ್ಧ ಹಾಲು ಫೋನ್ ನೋಡುತ್ತಿರುತ್ತದೆ. ಹಾಗಾಗಿ ಭಯ ಬೇಡ. ಮತ್ತೆ ದಯವಿಟ್ಟು ಆ ಪದಗಳ ಪಟ್ಟಿ ಇಲ್ಲೂ ಹಾಕಿ. ಇಲ್ಲಿಗೆ ಮಕ್ಕಳ ಮನೆಗೆ ಬಂದ ಅಜ್ಜಿಯರು "ಹೊಟ್ಟೆ ಉರಿಯುತ್ತೆ" ಅಂದರೆ ಡಾಕ್ಟರು ಆ್ಯಸಿಡಿಟಿ ಮಾತ್ರೆ ಕೊಟ್ಟು ಕಳಿಸುತ್ತಾರೆ. ಮೊಮ್ಮಕ್ಕಳಿಗೆ ಅದನ್ನು ಬಿಡಿಸಿ ಹೇಳುವಷ್ಟು ಕನ್ನಡ ಬರುವುದಿಲ್ಲ.

ಕಾಫಿಹೂವು, ಎರಡು ತಿಂಗಳ ನಂತರ:

ಹೋಗಿಬಂದೆ. ಎಲ್ಲರಿಗೂ ಹೇಳಬೇಕು ಅನಿಸಿತು.

ಅನುಮತಿ ಪತ್ರಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ರಾಯರು "ಈಗ ಮಾಡಿ" ಅಂದಿದ್ದು ಯಾಕೆ ಅಂತ ಗೊತ್ತಾಯಿತು. ಫೀಸು ಕೇಳಿದ್ದಕ್ಕೆ ವಿದ್ಯಾರ್ಥಿ ರೇಟ್ ಕೊಟ್ಟರು. ಕೇಳದೇ ಇದ್ದಿದ್ದರೆ ಪೂರ್ತಿ ಕಟ್ಟುತ್ತಿದ್ದೆ. ಸಂಘಕ್ಕೆ ಇನ್ನೂ ಸೇರಿಲ್ಲ, ಅರ್ಜಿ ತಂದಿಟ್ಟುಕೊಂಡಿದ್ದೇನೆ.

ಆ ಹುಡುಗಿಯನ್ನು ಕೇಳಿದೆ. ಅವಳಿಗೀಗ ಹದಿನೆಂಟು ಆಗಿದೆ. ರಾಯರು ಹೇಳಿದ ಹಾಗೇ ವಾರ ಬಿಟ್ಟು ಉತ್ತರ ಹೇಳು ಅಂದೆ. ಎರಡೇ ದಿನಕ್ಕೆ ಫೋನ್ ಬಂತು. "ಬೇಡ ಮಿಸ್." ಅಷ್ಟೇ. ನನಗೆ ಒಂದು ಕ್ಷಣ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅನಿಸಿತು, ನನ್ನ ರೂಮಿಗೆ ಮೊದಲ ಸಲ ಬಂದಾಗ ಇವಳಿಗೆ ಯಾರಿಗೂ ಬೇಡ ಅನ್ನೋಕೇ ಬರುತ್ತಿರಲಿಲ್ಲ. (ಇದನ್ನು ಇಲ್ಲಿ ಬರೆಯಬಹುದಾ ಅಂತಲೂ ಅವಳನ್ನು ಕೇಳಿದ್ದೇನೆ ರಾಯರೇ, ಈ ಸಲ ಬೈಯಬೇಡಿ.)

ಪುಟ್ಟಸ್ವಾಮಿ ಸರ್ ಹೇಳಿದ ಹಾಗೆ ಪೋಸ್ಟರಿಂದ ಶುರು ಮಾಡಿದೆ. ಫಾಂಟ್ ಸರಿಯಾಗಿ ಬಂತು. ನನ್ನ ಹಿಂದಿನವರದ್ದು ಬರಲಿಲ್ಲ, ಪಾಪ. ಆರನೇ ನಿಮಿಷಕ್ಕೆ ಎಚ್ಚರಿಕೆ ಬೆಲ್ಲು ಬಿದ್ದಾಗ ನಾಲಿಗೆ ಒಣಗಿತು. ಅಲ್ಲಿಂದ ಮುಂದೆ ಅರ್ಧ ಕನ್ನಡದಲ್ಲೇ ಹೇಳಿದೆ. ಯಾರೂ ಏನೂ ಅನ್ನಲಿಲ್ಲ. ಹಿರಿಯ ಡಾಕ್ಟರೊಬ್ಬರು ಎದ್ದು "ಯಾವ ಸ್ಕೇಲ್ ಬಳಸಿದಿರಿ?" ಅಂತ ಕೇಳಿದರು, ಅಂದರೆ ಅಂಕ ಹಾಕಿ ಅಳೆಯುವ ಪ್ರಶ್ನಾವಳಿ. "ಯಾವುದೂ ಇಲ್ಲ ಸರ್, ನೋಟ್‌ಬುಕ್" ಅಂದೆ. ಹಾಲಲ್ಲಿ ಯಾರೋ ನಕ್ಕರು. ಅವರು ನಗಲಿಲ್ಲ. "ಮುಂದಿನ ಸಲ ಯಾವ ವಯಸ್ಸಿನವರು ಯಾವ ಪದ ಬಳಸುತ್ತಾರೆ ಅಂತ ಬೇರೆ ಮಾಡಿ ತನ್ನಿ" ಅಂತ ಹೇಳಿ ಕೂತರು. ಒಳ್ಳೇ ಮಾತು. ಏಳು ವರ್ಷದಲ್ಲಿ ನನಗೇ ಹೊಳೆದಿರಲಿಲ್ಲ.

ಊಟದ ಹೊತ್ತಲ್ಲಿ ಕಲಬುರಗಿ ಕಡೆಯ ಆಪ್ತಸಮಾಲೋಚಕರೊಬ್ಬರು ತಟ್ಟೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. "ಮೇಡಂ, ನಿಮ್ಮ ಕಡೆ ಎದಿ ಹಾರ್ತದ ಅಂತಾರಲ್ಲ, ನಮ್ಮ ಕಡೆ ಜೀವ ಹಳಹಳಸ್ತದ ಅಂತಾರ" ಅಂದರು. ಊಟ ಮುಗಿಯುವಷ್ಟರಲ್ಲಿ ಟಿಶ್ಯೂ ಪೇಪರ್ ಮೇಲೆ ಒಂಬತ್ತು ಪದ ಬರೆದುಕೊಟ್ಟರು. ಸಾರು ತಾಗಿ ಎರಡು ಅಳಿಸಿಹೋಗಿವೆ, ಫೋನ್ ಮಾಡಿ ಕೇಳಬೇಕು.

ಈಗ ನಿಮ್ಮಲ್ಲಿ ಆ ಕಡೆಯವರು ಯಾರಾದರೂ ಇದ್ದರೆ ಹೇಳಿ. ಈ ಹಳಹಳಿ ಅನ್ನೋದು ಆಗಿಹೋದದ್ದಕ್ಕೆ ಪಡುವ ಸಂಕಟವಾ, ಮುಂದೆ ಆಗೋದಕ್ಕೆ ಪಡುವ ಭಯವಾ? ಎರಡೂ ಒಂದೇ ಸಲ ಇರುತ್ತದಾ? ಅವರನ್ನು ಕೇಳಿದರೆ, "ಅದೆಲ್ಲಾ ಒಂದs ಅಲ್ರೀ" ಅಂತ ನಗುತ್ತಾರೆ. ನೋಟ್‌ಬುಕ್ಕಲ್ಲಿ ಯಾವ ಕಡೆ ಬರೆಯಲಿ ಗೊತ್ತಾಗುತ್ತಿಲ್ಲ.